ನೂಲು ಮುಳುಗುವಷ್ಟು ಹೊತ್ತು

ರಕ್ತದ ಕಲೆಗೆ ಬಿಸಿನೀರು ಹಾಕಬಾರದು. ಆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಹೊಸಬರಿಗೆ ಹೇಳಿಕೊಡುವ ಮೊದಲ ಮಾತು ಅದು. ಹೊಸಬರು ಮಾಡುವ ಮೊದಲ ತಪ್ಪೂ ಅದೇ. ಬಿಸಿ ತಾಗಿದ ಕೂಡಲೇ ರಕ್ತ ಮೊಟ್ಟೆಯ ಹಾಗೆ ಬೆಂದು ಎಳೆಯೊಳಗೆ ಕೂತುಬಿಡುತ್ತದೆ. ಆಮೇಲೆ ಬ್ರಹ್ಮನೇ ಬಂದು ಉಜ್ಜಿದರೂ ಆ ಕಂದು ಬಣ್ಣ ಬಿಡುವುದಿಲ್ಲ. ಹಾಗೆ ಬಟ್ಟೆ ಕೆಡಿಸಿದವರ ಕೈಗೆ ನೂಲಮ್ಮ ಅದೇ ಬಟ್ಟೆಯನ್ನು ಮಡಿಸಿ ಕೊಡುತ್ತಿದ್ದಳು. "ತಗೊಂಡು ಹೋಗಿ ನಿಮ್ಮ ಮನೆ ಕಿಟಕಿಗೆ ಕಟ್ಟಿಕೋ. ದಿನಾ ನೋಡ್ತಾ ಇರು, ಬುದ್ಧಿ ಬರುತ್ತೆ."

ಅಲ್ಲಿಗೆ ಬರುತ್ತಿದ್ದದ್ದು ಹೋಟೆಲಿನ ಬಿಳಿ ಮೇಜುಬಟ್ಟೆಯಲ್ಲ. ಕಸಾಯಿಖಾನೆಯ ಮೇಲಂಗಿಗಳು, ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಕೋಣೆಯ ಹೊದಿಕೆಗಳು. ಚೀಲದ ಬಾಯಿ ಬಿಚ್ಚಿದ ದಿನ ಹೊಸಬರಿಗೆ ಊಟ ಸೇರುತ್ತಿರಲಿಲ್ಲ. ನೂಲಮ್ಮ ಮಾತ್ರ ಆ ಚೀಲಗಳ ಪಕ್ಕದಲ್ಲೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದಳು. ಅವಳಿಗೆ ಆ ಹೆಸರು ಬಂದದ್ದು ಅವಳ ಕೆಲಸದಿಂದ. ಒಗೆಯುವ ತೊಟ್ಟಿಗಳಿಗೆ ಹೋಗುವ ದ್ರಾವಣವನ್ನು ಬೆರೆಸುವವಳು ಅವಳು. ಬೆರೆಸಿದ ಮೇಲೆ ಒಂದು ಗಾಜಿನ ಜಾಡಿಯಷ್ಟು ತೆಗೆದು, ಅದರ ಮೇಲೆ ಹತ್ತಿ ನೂಲಿನ ಪುಟ್ಟ ಲಡಿಯೊಂದನ್ನು ಮೆಲ್ಲಗೆ ಬಿಡುತ್ತಿದ್ದಳು. ಬರೀ ನೀರಾದರೆ ಲಡಿ ತೇಲುತ್ತಲೇ ಇರುತ್ತದೆ. ನೀರಿನ ಮೇಲ್ಮೈ ಬಿಗಿದ ತೊಗಲಿನಂತೆ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ದ್ರಾವಣ ಹದವಾಗಿದ್ದರೆ ಆ ಬಿಗಿ ಸಡಿಲಗೊಂಡು, ನೀರು ನೂಲಿನೊಳಗೆ ನುಗ್ಗಿ, ಲಡಿ ಮುಳುಗುತ್ತದೆ. ಲಡಿ ಬಿಟ್ಟ ಕ್ಷಣವೇ ಆಕೆ ಉಸಿರು ಬಿಗಿಹಿಡಿಯುತ್ತಿದ್ದಳು. ಉಸಿರು ಬಿಡುವುದರೊಳಗೆ ಲಡಿ ಮುಳುಗಿದರೆ ಅಂದಿನ ಬೆರಕೆ ಪಾಸು. ಮೇಸ್ತ್ರಿ ಗಡಿಯಾರ ತಂದುಕೊಟ್ಟಿದ್ದ; ಅದು ಗೋಡೆಯ ಮೇಲೆ ತನ್ನ ಪಾಡಿಗೆ ತಾನು ಟಿಕ್ ಟಿಕ್ ಅನ್ನುತ್ತಿತ್ತು.

ಬೆರಕೆಗೆ ಎರಡು ಡ್ರಮ್ಮು. ಕೆಂಪು ಮುಚ್ಚಳದ್ದು ಮುಟ್ಟಿದರೆ ಸಾಕು, ನೊರೆ ಕಾರುತ್ತಿತ್ತು. ಕೈಗೆ ಉರಿ ಹತ್ತಿಸುತ್ತಿತ್ತು. ಅದಕ್ಕೆ ಕೆಲಸಗಾರರು ಜಗಳಗಂಟ ಎಂದು ಹೆಸರಿಟ್ಟಿದ್ದರು. ನೀಲಿ ಮುಚ್ಚಳದ್ದು ಮಂದಗೆ, ತಣ್ಣಗೆ, ನೊರೆಯ ಸುದ್ದಿಗೇ ಹೋಗದೆ ಬಿದ್ದುಕೊಂಡಿರುವಂಥದ್ದು. ಅದು ಸಾಧು. ಯಾವುದೊಂದನ್ನೇ ಹಾಕಿದರೂ ಲಡಿ ಮುಳುಗಲು ಸತಾಯಿಸುತ್ತದೆ. ಎರಡನ್ನೂ ಹದವಾಗಿ ಸೇರಿಸಿದರೆ ಅರ್ಧ ಹೊತ್ತಿನಲ್ಲೇ ಕೆಲಸ ಮುಗಿಯುತ್ತದೆ.

ಯಾಕೆ ಹಾಗೆ ಎಂದು ಬಿಡಿಸಿ ಹೇಳಿದವಳು ಡ್ರಮ್ಮು ಮಾರುವ ಕಂಪನಿಯಿಂದ ಬರುತ್ತಿದ್ದ ಕೆಮಿಸ್ಟ್. ಓದಿದವಳು, ಆದರೆ ನೆಲದ ಮೇಲೆ ಕೂತು ಚಹಾ ಕುಡಿಯುವಂಥವಳು. "ಈ ಸಾಬೂನಿನ ಕಣಗಳಿಗೆಲ್ಲ ಒಂದು ತಲೆ, ಒಂದು ಬಾಲ," ಎಂದು ಆಕೆ ಚಹಾದ ಲೋಟ ತೋರಿಸಿ ಹೇಳಿದಳು. "ತಲೆಗೆ ನೀರು ಅಂದ್ರೆ ಪ್ರಾಣ, ಬಾಲಕ್ಕೆ ಆಗಲ್ಲ. ಅದಕ್ಕೇ ಮೇಲಕ್ಕೆ ಬಂದು ತಲೆ ನೀರಿನಲ್ಲಿ, ಬಾಲ ಹೊರಗೆ ಮಾಡ್ಕೊಂಡು ಸಾಲಾಗಿ ನಿಂತ್ಕೋತವೆ. ಎಷ್ಟು ಒತ್ತಾಗಿ ನಿಂತರೆ ನೀರಿನ ಬಿಗಿ ಅಷ್ಟು ಸಡಿಲ. ಆದರೆ ಜಗಳಗಂಟರ ತಲೆ ಮೇಲೆಲ್ಲ ಒಂದೇ ಥರದ ವಿದ್ಯುತ್ತು. ಒಬ್ಬನನ್ನ ಕಂಡ್ರೆ ಒಬ್ಬನಿಗಾಗಲ್ಲ, ತಳ್ಳಾಡ್ತಾರೆ. ನಡುವೆ ಜಾಗ ಬಿಟ್ಟೇ ನಿಲ್ಲೋದು. ಆ ಜಾಗದಲ್ಲಿ ಸಾಧು ಹೋಗಿ ನಿಂತ್ಕೋತಾನೆ. ಅವನಿಗೆ ಯಾರ ಮೇಲೂ ಹಗೆ ಇಲ್ಲ. ಅವನು ನಡುವೆ ಇದ್ರೆ ಇವರೂ ತೆಪ್ಪಗೆ ಒತ್ತಾಗಿ ನಿಲ್ತಾರೆ."

"ನಮ್ಮನೆ ಕಥೆ ನಿನಗ್ಯಾರು ಹೇಳಿದ್ರು?" ಎಂದಳು ನೂಲಮ್ಮ. ಕೆಮಿಸ್ಟ್ ನಕ್ಕಳು. ನೂಲಮ್ಮನೂ ನಕ್ಕಳು.

ಕೆಮಿಸ್ಟ್ ಇನ್ನೂ ಒಂದು ಮಾತು ಹೇಳಿದ್ದಳು. ಸಾಧುವಿಗೆ ಕಾವು ಆಗದು. ತಣ್ಣೀರಿನಲ್ಲಿ ತಿಳಿಯಾಗಿ ಬೆರೆತಿರುತ್ತದೆ. ಕುದಿಸಿದರೆ ನೀರಿನ ಸಹವಾಸವೇ ಬೇಡವೆಂದು ಬೇರ್ಪಡುತ್ತದೆ, ಜಾಡಿಯೆಲ್ಲ ಹಾಲಿನಂತೆ ಮಸುಕಾಗುತ್ತದೆ. "ಜಗಳಗಂಟ ಜೊತೆಗಿದ್ರೆ ಮಾತ್ರ ಎಷ್ಟು ಬಿಸಿ ಆದ್ರೂ ತಡ್ಕೊಳ್ಳುತ್ತೆ, ವಿಚಿತ್ರ ನೋಡು." ನೂಲಮ್ಮನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಅವಳ ಗಂಡ ಕಸಾಯಿಖಾನೆಯಲ್ಲಿ ಕತ್ತಿ ಹಿಡಿಯುತ್ತಿದ್ದವನು. ಕೆಲಸ ಮುಗಿಸಿ ಬಂದ ಮೇಲೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಅವಳ ಎಡಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ಹಾಕಿದ್ದ. ಮಗ ಬೆಳೆದು ಮೀಸೆ ಬಂದ ಮೇಲೆ ಅಪ್ಪನಿಗೆ ತಿರುಗಿ ಬಿದ್ದ. ಇಬ್ಬರೂ ಒಂದೇ ಅಚ್ಚು. ಒಬ್ಬ ಕುರ್ಚಿ ಎತ್ತಿದರೆ ಇನ್ನೊಬ್ಬ ಒನಕೆಯಂಥ ಬಾಗಿಲ ಅಗುಳಿ ಎತ್ತುತ್ತಿದ್ದ. ನಡುವೆ ನೂಲಮ್ಮ ಹೋಗಿ ನಿಲ್ಲುತ್ತಿದ್ದಳು. ಅತ್ತಣ ಪೆಟ್ಟು ಇತ್ತ, ಇತ್ತಣ ಪೆಟ್ಟು ಅತ್ತ ತಾಗದ ಹಾಗೆ ಎರಡನ್ನೂ ತಾನೇ ತಿಂದು, ಆಮೇಲೆ ಅಂಗಳದಲ್ಲಿ ಕೂತು ಅಂಗಿಗಳ ರಕ್ತ ತೊಳೆಯುತ್ತಿದ್ದಳು. ಕಾರ್ಖಾನೆಯ ಎರಡೂ ದ್ರಾವಣದ ಪುಟ್ಟ ಕ್ಯಾನುಗಳು ಅವಳ ಬಚ್ಚಲಲ್ಲಿ ಯಾವಾಗಲೂ ಇರುತ್ತಿದ್ದವು. ಮರುದಿನ ಆ ಮನೆಯ ಗಂಡಸರು ಬೀದಿಯಲ್ಲಿ ನಡೆದರೆ ಅಂಗಿ ಮಲ್ಲಿಗೆಯಂತೆ ಬೆಳ್ಳಗಿರುತ್ತಿತ್ತು. ನೆರೆಯವರು ನೋಡಿ, ಎಷ್ಟು ಚೊಕ್ಕ ಸಂಸಾರ ಎನ್ನುತ್ತಿದ್ದರು. ಗೋಡೆಗೆ ಕಿವಿ ಇದ್ದರೂ ಬಾಯಿ ಇಲ್ಲವಲ್ಲ.

ಗಂಡ ಒಂದು ದಿನ ಕುಡಿದು ಲಾರಿಯ ಚಕ್ರಕ್ಕೆ ಸಿಕ್ಕ. ಅತ್ತಳು. ಅತ್ತು ಮುಗಿದ ಮೇಲೆ ಮನೆ ಎಷ್ಟು ನಿಶ್ಶಬ್ದವಾಗಿದೆ ಎಂದು ಅವಳಿಗೇ ನಾಚಿಕೆಯಾಯಿತು. ಇನ್ನು ತಳ್ಳಾಡಲು ಎದುರಾಳಿ ಇಲ್ಲ, ಮಗ ಸರಿಹೋಗುತ್ತಾನೆ ಎಂದುಕೊಂಡಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ಮಗನ ವಿಷಯಕ್ಕೆ ಆ ಗಾದೆ ಜಾಣತನದಿಂದ ಬಾಯಿ ಹಾಕಿಲ್ಲ. ಮಗ ಕಾರ್ಖಾನೆಯ ವ್ಯಾನು ಓಡಿಸುತ್ತಿದ್ದ. ಅವನಿಗೆ ಹೆಣ್ಣು ನೋಡಿದವಳೂ ನೂಲಮ್ಮನೇ. ಇಸ್ತ್ರಿ ಮೇಜಿನಲ್ಲಿ ಒಬ್ಬ ಹುಡುಗಿ ಇದ್ದಳು, ಬಾಯಿಬಡುಕಿ, ಕೆಲಸಗಳ್ಳಿಯಲ್ಲ, ಉಗಿಯ ನಡುವೆ ನಿಂತು ಹಾಡಿಕೊಳ್ಳುವವಳು. ಅವಳಿಗೆ ಹಿಂದುಮುಂದು ಇದ್ದದ್ದು ಒಬ್ಬ ಚಿಕ್ಕಮ್ಮ. "ನನ್ನ ಕಣ್ಣೆದುರೇ ಇರ್ತಾಳೆ. ಅವಳ ಮೈಮೇಲೆ ನೊಣ ಕೂರೋಕೆ ಬಿಡಲ್ಲ" ಎಂದು ನೂಲಮ್ಮ ಆ ಚಿಕ್ಕಮ್ಮನ ಕೈಹಿಡಿದು ಹೇಳಿದ್ದಳು. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿ ಎಂದೇ ಕರೆಯುತ್ತಿದ್ದರು; ಮನೆಗೆ ಬಂದ ಮೇಲೂ ಅದೇ ಹೆಸರು ಉಳಿಯಿತು.

ನೊಣ ಕೂರಲಿಲ್ಲ, ಮುಷ್ಟಿ ಬಿತ್ತು. ಮೊದಲ ಸಲ ಯಾವುದೋ ಹಾಡಿಗೆ. ಆಮೇಲೆ ಕಾರಣವೂ ಬೇಕಾಗಲಿಲ್ಲ. ಮಗ ಸೊಸೆ ಇದ್ದದ್ದು ಮಹಡಿಯ ಕೋಣೆಯಲ್ಲಿ, ಹೊರಗಿನ ಕಲ್ಲು ಮೆಟ್ಟಿಲು ಹತ್ತಿ ಹೋಗಬೇಕು. ಸದ್ದು ಕೇಳಿದ ಕೂಡಲೇ ನೂಲಮ್ಮ ಉಸಿರು ಬಿಗಿಹಿಡಿದು ಹತ್ತುತ್ತಿದ್ದಳು, ನಡುವೆ ನುಗ್ಗುತ್ತಿದ್ದಳು, ತನ್ನ ಪಾಲಿನದ್ದು ತಿನ್ನುತ್ತಿದ್ದಳು. ಮಗ ಬೈಯುತ್ತ ಇಳಿದುಹೋದ ಮೇಲೆ ದಿಂಬಿನ ಹೊದಿಕೆ ಕಳಚಿ ತಂದು ತಣ್ಣೀರಿಗೆ ಹಾಕುತ್ತಿದ್ದಳು. ಮೊದಲು ಜಗಳಗಂಟ ಒಂದು ಮುಚ್ಚಳ, ಆಮೇಲೆ ಸಾಧು. ಸ್ವಲ್ಪ ಹೊತ್ತಿಗೆ ನೀರು ಕೆಂಪಾಗಿ ಬಟ್ಟೆ ಬೆಳ್ಳಗಾಗುತ್ತಿತ್ತು. ಅದನ್ನು ಹಿಂಡಿ ಹರವುವಾಗ ಅವಳ ಮನಸ್ಸಿಗೂ ಏನೋ ಒಂದು ನೆಮ್ಮದಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಳ್ಳಲ್ಲ. ನೆರೆಮನೆಯವಳು ಬೇಲಿಯಾಚೆಯಿಂದ, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಬಿಡಿ" ಎನ್ನುತ್ತಿದ್ದಳು. ಉಣ್ಣಲು ಬಾಯಿ ತೆರೆಯಲಾಗದಷ್ಟು ಊದಿಕೊಂಡವಳಿಗೆ ಆ ಗಾದೆಯಿಂದ ಏನು ಉಪಯೋಗವೋ.

ಒಂದು ದಿನ ಇಸ್ತ್ರಿ ಮೂಗಿಗೆ ಬಟ್ಟೆ ಒತ್ತಿಕೊಂಡು ಬಚ್ಚಲ ಬಾಗಿಲಿಗೆ ಬಂದು ನಿಂತಳು. "ಅತ್ತೆ, ಇದೊಂದು ಒಗೀಬೇಡಿ. ಹಾಗೇ ತಂತಿ ಮೇಲೆ ಹಾಕಿ."

"ನೋಡಿದವರು ಏನಂತಾರೆ?"

"ನೋಡ್ಲಿ ಅಂತಾನೇ ಹೇಳ್ತಿರೋದು."

"ನಾನಿದ್ದೀನಲ್ಲ ನಡುವೆ," ಎಂದಳು ನೂಲಮ್ಮ.

ಸೊಸೆ ಅವಳನ್ನೇ ನೋಡಿದಳು. "ನೀವು ನಡುವೆ ಇರೋದರಿಂದಲೇ ಇದು ಇನ್ನೂ ನಡೀತಾ ಇದೆ." ನೂಲಮ್ಮನಿಗೆ ಸಿಟ್ಟು ಬಂತು. ಹೊಡೆತ ತಿಂದದ್ದು ತಾನು, ಈಗ ಮಾತೂ ತನಗೇ. ಅಂದು ಹೊದಿಕೆಯನ್ನು ಎಂದಿಗಿಂತ ಬೆಳ್ಳಗೆ ಒಗೆದಳು.

ಆ ಭಾನುವಾರ ಕಾರ್ಖಾನೆಗೆ ರಜೆ. ಊಟಕ್ಕೆ ಮುಂಚೆ ಮೇಲಿನಿಂದ ಸದ್ದು ಕೇಳಿತು. ನೂಲಮ್ಮ ಎಂದಿನಂತೆ ಉಸಿರು ಹಿಡಿದು ಮೆಟ್ಟಿಲು ಹತ್ತಿದಳು. ಬಾಗಿಲು ನೂಕಿದಳು. ಒಳಗಿನಿಂದ ಚಿಲಕ ಹಾಕಿತ್ತು. ಇಷ್ಟು ದಿನ ಮಗನಿಗೆ ಹೊಳೆಯದೇ ಇದ್ದದ್ದು ಅಂದು ಹೊಳೆದಿತ್ತು. ಬಾಗಿಲು ಬಡಿದಳು, ಭುಜದಿಂದ ಗುದ್ದಿದಳು, ಮಗನ ಹೆಸರು ಕೂಗಿದಳು. ಒಳಗೆ ಸೊಸೆಯ ಕೂಗು ಎರಡು ಸಲ ಕೇಳಿತು. ಆಮೇಲೆ ಏನೋ ಭಾರದ ಲೋಹ ಮೂಳೆಗೆ ತಾಗಿದ ಸದ್ದು. ಕಸಾಯಿಖಾನೆಯವನ ಜೊತೆ ಬಾಳಿದವಳಿಗೆ ಆ ಸದ್ದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಮತ್ತೊಮ್ಮೆ ಅದೇ ಸದ್ದು. ಕೂಗು ನಿಂತಿತು. ಮತ್ತೆ ಉಸಿರು ಬಿಗಿಹಿಡಿದಿದ್ದ ನೂಲಮ್ಮ ಕಣ್ಣು ಕತ್ತಲೆ ಬಂದು ಹೊಸ್ತಿಲ ಮೇಲೆ ಕುಸಿದಳು.

ಮಗ ಚಿಲಕ ತೆಗೆದಾಗ ಅವನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು. ಹುಡುಗಿ ಹಾಸಿಗೆಯ ಮೇಲೆ ಓರೆಯಾಗಿ ಬಿದ್ದಿದ್ದಳು. ಕೆಳದವಡೆ ಇರಬೇಕಾದ ಜಾಗದಲ್ಲಿ ಇರಲಿಲ್ಲ, ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಕಿವಿಯಿಂದಲೂ ಬಾಯಿಂದಲೂ ರಕ್ತ ಹರಿದು ಹಾಸಿಗೆಯ ಬಿಳಿ ಹೊದಿಕೆಯ ಮೇಲೆ ಹರಡುತ್ತಿತ್ತು. ಕಣ್ಣು ಮಾತ್ರ ತೆರೆದೇ ಇತ್ತು, ಅತ್ತೆಯನ್ನೇ ನೋಡುತ್ತಿತ್ತು.

ವ್ಯಾನಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ದಾರಿಯಲ್ಲಿ ಮಗ ಹೇಳಿದ, "ಮೆಟ್ಟಿಲಿಂದ ಬಿದ್ದಳು. ಗೊತ್ತಾಯ್ತಾ? ನೀನೂ ಅದನ್ನೇ ಹೇಳು." ಹಿಂದಿನ ಸೀಟಿನಲ್ಲಿ ನೂಲಮ್ಮ ಸೊಸೆಯ ಕೈ ಹಿಡಿದಿದ್ದಳು. ಆ ಮಾತು ಕೇಳಿದ ಮೇಲೆ ಸೊಸೆ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಪ್ರಾಣ ಹೋಗುವ ಹಾಗಿದ್ದವಳಿಗೆ ಅಷ್ಟು ಶಕ್ತಿ ಎಲ್ಲಿತ್ತೋ.

ಡಾಕ್ಟರು ಗಾಯ ನೋಡಿ, ಮಗನ ಮುಖ ನೋಡಿ, ಫೋನು ಎತ್ತಿದರು. ಮೆಟ್ಟಿಲು ನೋಡಲು ಪೊಲೀಸಿನವರು ಮನೆಗೆ ಬರುತ್ತಾರೆ ಎಂದು ನರ್ಸ್ ಹೇಳಿದಳು. ಮಗ ತಾಯಿಯ ರಟ್ಟೆ ಹಿಡಿದು ಎಳೆದುಕೊಂಡೇ ಬಂದು ವ್ಯಾನು ಹತ್ತಿಸಿದ. ಮನೆಗೆ ಬಂದು ಇಸ್ತ್ರಿಪೆಟ್ಟಿಗೆಯನ್ನು ಹಿತ್ತಲಿನ ಬಾವಿಗೆ ಎಸೆದ. ಹೊತ್ತು ಇಳಿಸುವಾಗ ಮೆಟ್ಟಿಲ ಮೇಲೆ ಅವಳ ರಕ್ತ ತೊಟ್ಟಿಕ್ಕಿದ್ದದ್ದು ಅವನಿಗೆ ಅನುಕೂಲವೇ ಆಯಿತು, ಅದನ್ನು ಮುಟ್ಟಲಿಲ್ಲ. ಉಳಿದದ್ದು ಆ ಹೊದಿಕೆ. ಮೆಟ್ಟಿಲಿಂದ ಬಿದ್ದವಳ ರಕ್ತ ಮಹಡಿಯ ಕೋಣೆಯ ಹಾಸಿಗೆಗೆ ಹೇಗೆ ಹೋಯಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

"ಸುಟ್ಟುಬಿಡ್ಲಾ?" ಎಂದ. ಅಷ್ಟರಲ್ಲಿ ತಾನೇ ತಲೆ ಅಲ್ಲಾಡಿಸಿದ. "ಹೊಗೆ ಬಂದ್ರೆ ಪಕ್ಕದ ಮನೆಯವಳು ಇಣುಕ್ತಾಳೆ. ನೀನಿದ್ದೀಯಲ್ಲ. ಒಗೆದು ಕೊಡು."

ನೀನಿದ್ದೀಯಲ್ಲ. ಅವಳು ಸೊಸೆಗೆ ಹೇಳಿದ್ದ ಮಾತೇ ಮಗನ ಬಾಯಲ್ಲಿ ಹೊರಳಿ ಬಂತು. ನೂಲಮ್ಮ ಹೊದಿಕೆ ಎತ್ತಿಕೊಂಡು ಬಚ್ಚಲಿಗೆ ನಡೆದಳು. ಅದು ಇನ್ನೂ ಹಸಿಯಾಗಿತ್ತು. ಬಕೆಟ್ಟಿಗೆ ಕೈಹಾಕಿ ತಣ್ಣೀರು ಮೊಗೆಯಲು ಬಗ್ಗಿದಳು; ಕೈ ತಾನಾಗಿಯೇ ಆ ಕೆಲಸಕ್ಕೆ ಹೋಗುತ್ತಿತ್ತು.

"ತಣ್ಣೀರಲ್ಲಿ ಎಷ್ಟು ಹೊತ್ತು ನೆನೆಸ್ತಾ ಕೂರ್ತೀಯಾ?" ಎಂದು ಮಗ ಹಿಂದಿನಿಂದ ಗದರಿದ. "ಅವರು ಬಂದೇ ಬಿಡ್ತಾರೆ. ಬಿಸಿನೀರು ಹಾಕು, ಬೇಗ ಹೋಗುತ್ತೆ."

ದಿನಾ ಆ ಬಟ್ಟೆಗಳ ಚೀಲ ಹೊತ್ತು ತರುವವನು, ತಾಯಿ ಒಗೆದ ಅಂಗಿ ತೊಟ್ಟೇ ಬೆಳೆದವನು. ಒಗೆಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ನೂಲಮ್ಮನ ನಾಲಿಗೆಯ ತುದಿಗೆ ಹೊಸಬರಿಗೆ ಬೈಯುವ ಬೈಗುಳ ಬಂದು ನಿಂತಿತು. ಕಿಟಕಿಗೆ ಕಟ್ಟಿಕೋ, ದಿನಾ ನೋಡ್ತಾ ಇರು. ಅವಳು ಅದನ್ನು ನುಂಗಿಕೊಂಡಳು. ಮಗನ ಕೈ ನೋಡಿದಳು. ಅದು ಅವಳೇ ತುತ್ತು ಹಿಡಿಯಲು ಕಲಿಸಿದ ಕೈ. ಇವತ್ತು ಇವನನ್ನು ಪಾರು ಮಾಡಿದರೆ ಆ ಹುಡುಗಿ ಇದೇ ಹಾಸಿಗೆಗೆ ವಾಪಸು ಬರುತ್ತಾಳೆ, ಆಮೇಲೆ ಬಾಗಿಲ ಚಿಲಕ ಎಂದಿಗೂ ತೆಗೆಯುವುದಿಲ್ಲ. ಇದು ಅವಳಿಗೆ ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು.

"ಹ್ಞೂಂ. ಚೆನ್ನಾಗಿ ಕುದೀಲಿ," ಎಂದಳು.

ಅವನೇ ಒಲೆ ಹಚ್ಚಿದ, ಅವನೇ ದೊಡ್ಡ ಪಾತ್ರೆ ಇಟ್ಟ, ಅವನೇ ಕುದಿಯುವ ನೀರನ್ನು ತಂದು ಹೊದಿಕೆಯ ಮೇಲೆ ಹೊಯ್ದ. ಹಬೆಯ ಜೊತೆ ಮಾಂಸ ಬೆಂದ ವಾಸನೆ ಎದ್ದಿತು. ನೂಲಮ್ಮ ಕೆಂಪು ಮುಚ್ಚಳದ ಕ್ಯಾನು ಮುಟ್ಟಲಿಲ್ಲ. ನೀಲಿಯದನ್ನಷ್ಟೇ ಬಗ್ಗಿಸಿದಳು. ಸಾಧು ಆ ಕಾವಿಗೆ ಬಿದ್ದದ್ದೇ ತಡ, ನೀರಿನಿಂದ ಬೇರ್ಪಟ್ಟು ಬಕೆಟ್ಟೆಲ್ಲ ಹಾಲಾಯಿತು. ಒಳಗಿನ ಬಟ್ಟೆ ಕಾಣಿಸಲಿಲ್ಲ.

"ನೊರೆನೇ ಬರ್ತಿಲ್ಲವಲ್ಲ?"

"ಇದು ನೊರೆ ಬರೋದಲ್ಲ. ಒಳಗೊಳಗೇ ಕೆಲಸ ಮಾಡುತ್ತೆ."

ಅವನಿಗೆ ಸಮಾಧಾನವಾಯಿತು. ಬಾಗಿಲ ಚೌಕಟ್ಟಿಗೆ ಒರಗಿ ಬೀಡಿ ಹಚ್ಚಿದ. ನೂಲಮ್ಮ ಕೋಲಿನಿಂದ ಬಟ್ಟೆಯನ್ನು ತಿರುವುತ್ತ ತಿರುವುತ್ತ ಚೆನ್ನಾಗಿ ಬೇಯಿಸಿದಳು. ಎಳೆ ಎಳೆಗೂ ಕಾವು ತಾಗುವಷ್ಟು ಹೊತ್ತು ಕಾದಳು. ಆಮೇಲೆ ಎತ್ತಿ, ನೀರು ಸೋರುತ್ತಿದ್ದ ಹಾಗೆಯೇ ಎದೆಗೆ ಅವಚಿಕೊಂಡು, ಬಿಸಿಗೆ ಕುತ್ತಿಗೆ ಸುಟ್ಟರೂ ಬಿಡದೆ, ಮುಂಬಾಗಿಲ ಅಂಗಳಕ್ಕೆ ಹೋದಳು. ಬೀದಿಗೆ ಕಾಣುವ ತಂತಿಯ ಮೇಲೆ ಅಗಲಕ್ಕೆ ಹರವಿದಳು. ಮೂಲೆ ಎಳೆದು ಸುಕ್ಕು ತೆಗೆದಳು, ಕಾರ್ಖಾನೆಯಲ್ಲಿ ಮಾಡುವ ಹಾಗೆ.

ಹೊರಗೆ ಬಂದ ಮಗ ನೋಡಿದ. ನಡುವೆ ಮನುಷ್ಯನ ತಲೆಯಷ್ಟು ಅಗಲದ ಕಲೆ, ಅದರ ಸುತ್ತ ಚಿಮ್ಮಿದ ಹನಿಗಳು, ದಿಂಬಿನ ಕಡೆಗೆ ಬೆರಳು ಎಳೆದ ಗೆರೆ. ಎಲ್ಲವೂ ಕಂದಾಗಿ, ಗಟ್ಟಿಯಾಗಿ, ಬಿಸಿಲಿಗೆ ತೆರೆದುಕೊಂಡಿದ್ದವು.

"ಹೋಗಿಲ್ಲ," ಎಂದ ದಡ್ಡನ ಹಾಗೆ.

"ಇನ್ನು ಹೋಗಲ್ಲ," ಎಂದಳು ತಾಯಿ.

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವನ ಅಪ್ಪನ ಮುಖವೇ ಅವನ ಮುಖದ ಮೇಲೆ ಬಂತು. ಮೊದಲ ಏಟಿಗೆ ಅವಳ ತುಟಿ ಸೀಳಿತು. ಎರಡನೆಯದಕ್ಕೆ ನೆಲಕ್ಕೆ ಬಿದ್ದಳು. ಕೂದಲು ಹಿಡಿದು ಎತ್ತಿ ತಂತಿಯ ಕಂಬಕ್ಕೆ ತಲೆ ಚಚ್ಚಿದ. ಅವನು ಹೊದಿಕೆ ಕೀಳಲು ಹೋದಾಗಲೆಲ್ಲ ಅವಳು ಅವನ ಕಾಲು ಕಚ್ಚಿ ಹಿಡಿಯುತ್ತಿದ್ದಳು. ಅವನು ತಿರುಗಿ ಒದೆಯುತ್ತಿದ್ದ. ಪಕ್ಕೆಲುಬು ಮುರಿದದ್ದು ಅವಳಿಗೆ ಕೇಳಿಸಿತು. ಕಾಲು ಬಿಡಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಯಾರ ನಡುವೆಯೂ ನಿಲ್ಲದೆ ಒಂದು ಪಕ್ಕದಲ್ಲಿ ನಿಂತು ಹೊಡೆತ ತಿನ್ನುತ್ತಿದ್ದಳು. ನೆರೆಮನೆಯವಳು ಈಗ ಬೇಲಿಯ ಬಳಿ ಬಂದು ಬಾಯಿ ಬಾಯಿ ಬಡಿದುಕೊಂಡಳು, ಯಾವ ಗಾದೆಯೂ ನೆನಪಾಗಲಿಲ್ಲ. ಪೊಲೀಸಿನವಳು ಗೇಟು ತೆರೆದು ಒಳಗೆ ಬಂದಾಗ ಅವನ ಕಾಲು ತಾಯಿಯ ಎದೆಯ ಮೇಲಿತ್ತು. ಮೆಟ್ಟಿಲು ನೋಡುವ ಅಗತ್ಯ ಬೀಳಲಿಲ್ಲ.

ಅದೇ ಆಸ್ಪತ್ರೆಯಲ್ಲಿ ನೂಲಮ್ಮನ ಪಕ್ಕೆಗೆ ಪಟ್ಟಿ ಕಟ್ಟಿದರು. ಎದ್ದು ನಡೆಯಲು ಬಂದ ದಿನ ಗೋಡೆ ಹಿಡಿದು ಸೊಸೆಯ ವಾರ್ಡಿಗೆ ಹೋದಳು. ಇಸ್ತ್ರಿಯ ದವಡೆಯನ್ನು ತಂತಿಯಿಂದ ಬಿಗಿದಿದ್ದರು. ಅವಳಿಗೆ ಒಂದು ಕಿವಿ ಇನ್ನು ಕೇಳಿಸುವುದಿಲ್ಲ ಎಂದು ನರ್ಸ್ ಹೇಳಿದ್ದಳು. ನೂಲಮ್ಮ ಕೇಳಿಸುವ ಕಿವಿಯ ಕಡೆಗೆ ಕೂತು, ನಡೆದದ್ದನ್ನೆಲ್ಲ ಹೇಳಿದಳು. ಬಿಸಿನೀರು ಹಾಕಿಸಿದ್ದು, ತಂತಿಯ ಮೇಲೆ ಹರವಿದ್ದು, ಹೊದಿಕೆ ಈಗ ಪೊಲೀಸರ ಬಳಿ ಇರುವುದು. ಹೇಳುತ್ತ ಹೇಳುತ್ತ ಅವಳಿಗೆ ತಾನೇನೋ ದೊಡ್ಡದು ಮಾಡಿದೆ ಅನ್ನಿಸಿತು. ಒಂದು ಒಳ್ಳೆಯ ಮಾತು ಬರುತ್ತದೆಂದು ಕಾದಳು.

ಇಸ್ತ್ರಿ ಬಿಗಿದ ಹಲ್ಲಿನ ಸಂದಿಯಿಂದ ಒಂದೇ ಮಾತು ಕೇಳಿದಳು.

"ಮುಂಚಿನವು?"

ಸೊಸೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಅವಳ ಕೇಳಿಸದ ಕಿವಿ ಈಗ ಇತ್ತ ಬಂತು.

ನೂಲಮ್ಮ ತನ್ನ ವಾರ್ಡಿಗೆ ಮರಳಲಿಲ್ಲ. ಪಟ್ಟಿ ಕಟ್ಟಿದ ಮೈಯಲ್ಲೇ, ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡು, ಠಾಣೆಗೆ ನಡೆದಳು. ಅದೇ ಪೊಲೀಸಿನವಳು ಮೇಜಿನ ಹಿಂದೆ ಇದ್ದಳು. ಕುರ್ಚಿ ಎಳೆದು ಕೊಟ್ಟಳು.

"ಬರ್ಕೋಮ್ಮ," ಎಂದಳು ನೂಲಮ್ಮ. "ಮಗನ ಮದುವೆ ಆದ ವರ್ಷ, ದಿಂಬಿನ ಹೊದಿಕೆ, ಬಲಗಡೆ ಮೂಲೆ. ಮೂಗಿಂದ. ಆಮೇಲೆ ಅವಳ ಕೆಲಸದ ನೀಲಿ ಅಂಗಿ, ಕಾಲರ್ ಹಿಂದೆ, ತಲೆ ಒಡೆದಿದ್ದ. ಆಮೇಲೆ ಬಿಳಿ ಟವಲು, ಮಧ್ಯದಲ್ಲಿ, ಹಲ್ಲು ಬಿದ್ದಿತ್ತು. ಹಳದಿ ಹೊದಿಕೆ, ಕಾಲ ಕಡೆ. ಅದು ಅವಳು ಬಸುರಿ ಇದ್ದಾಗ. ಬಸುರು ನಿಲ್ಲಲಿಲ್ಲ."

ಒಗೆಯುವವರ ಕಣ್ಣು ಕಲೆಯ ಜಾಗ ಮರೆಯುವುದಿಲ್ಲ. ಒಂದೊಂದನ್ನೂ, ಯಾವ ಬಟ್ಟೆ, ಯಾವ ಮೂಲೆ, ಎಷ್ಟು ಅಗಲ, ಕೈಯಲ್ಲಿ ಅಳತೆ ತೋರಿಸಿ ಹೇಳಿದಳು. ಪೊಲೀಸಿನವಳು ಬರೆಯುತ್ತ ಹೋದಳು. ಕಡೆಗೆ ಪೆನ್ನು ಇಟ್ಟು, "ಈ ಬಟ್ಟೆಗಳೆಲ್ಲ ಎಲ್ಲಿವೆಯಮ್ಮ?" ಎಂದು ಕೇಳಿದಳು.

"ಮನೇಲೇ ಇವೆ. ಬೀರುವಿನಲ್ಲಿ, ಮಡಿಸಿಟ್ಟಿದ್ದೀನಿ. ಹುಡುಕಿದ್ರೂ ಒಂದು ಚುಕ್ಕೆ ಸಿಗಲ್ಲ ನಿನಗೆ." ನೂಲಮ್ಮ ಮಡಚದ ಆ ಎರಡು ಬೆರಳನ್ನು ಮೇಜಿನ ಮೇಲಿಟ್ಟಳು. "ಅವನು ಹೊಡೆದ, ನಾನು ಒಗೆದೆ. ಬರೆಯುವಾಗ ಅದನ್ನೂ ಬರ್ಕೋ."